ನಾನು ಸುಮ್ಮನಿರಬೇಕಾದ ನಾಲ್ಕು ಎಣಿಕೆ

ತನ್ನ ಶವಯಾತ್ರೆಯ ಸಂಗೀತವನ್ನು ತಾನೇ ಕೇಳುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ನನಗೆ ಒದಗಿದೆ. ಒಂದು ಸಲವಲ್ಲ, ಮೂವತ್ತೇಳು ಸಲ. ಅದೂ ಅಡುಗೆಮನೆಯಲ್ಲಿ, ಬೆಳಗಿನ ಆರು ಗಂಟೆಗೆ, ನಾನಿನ್ನೂ ಹಲ್ಲುಜ್ಜುವ ಮೊದಲು. (ಸತ್ತವರಿಗೂ ಮುಖ ತೊಳೆಸಿ ಆಮೇಲೆ ಬ್ಯಾಂಡು ಬಾರಿಸುತ್ತಾರೆ. ಬದುಕಿದ್ದ ತಪ್ಪಿಗೆ ನನಗೆ ಆ ಮರ್ಯಾದೆಯೂ ಇರಲಿಲ್ಲ.)

ಆ ಸಂಗೀತವನ್ನು ಬರೆದವಳು ನನ್ನ ಗೆಳತಿ ಕಿಲಿ. ವಹಾಕಾ ನಗರದಲ್ಲಿ ಮೂರು ವರ್ಷ ನಾವಿಬ್ಬರೂ ಒಂದೇ ಮಹಡಿಯ ಮೇಲೆ ಬಾಡಿಗೆಗಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಕಿರುಗುಟ್ಟುವ ಹದಿನೇಳು ಮರದ ಮೆಟ್ಟಿಲು. ಕಿಲಿ ಹೋದ ಆಗಸ್ಟ್‌ನಲ್ಲಿ ತೀರಿಕೊಂಡಳು. ಅವಳಿಗೆ ಇಪ್ಪತ್ತನಾಲ್ಕು ವರ್ಷ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಕತೆಯ ಕೊನೆಗೆ ಬಚ್ಚಿಟ್ಟುಕೊಂಡು ನಿಮ್ಮನ್ನು ಎಡವಿಸಿದರೆ ಅವಳು ಒಪ್ಪುತ್ತಿರಲಿಲ್ಲ. "ನಗಾರಿ ಬಾರಿಸೋದು ಜನರನ್ನ ನಡೆಸೋಕೆ ಕಣೇ, ಬೆಚ್ಚಿಬೀಳಿಸೋಕಲ್ಲ" ಎನ್ನುತ್ತಿದ್ದಳು. ಹಾಗಾಗಿ ನಡೆಯೋಣ.

ಅವಳ ಪೂರ್ತಿ ಹೆಸರು ತ್ರಾಂಕಿಲಿನಾ. ಅರ್ಥ ಬಿಡಿಸಿದರೆ ಶಾಂತಮ್ಮ. ಬೆಳಿಗ್ಗೆ ಕ್ಲಾರಿನೆಟ್, ಮಧ್ಯಾಹ್ನ ಪಿಯಾನೊ, ಸಂಜೆ ಸಿಕ್ಕಿದ ಪಾತ್ರೆ, ಹೀಗೆ ದಿನವಿಡೀ ಏನನ್ನಾದರೂ ಊದುತ್ತ ಬಡಿಯುತ್ತ ಇದ್ದ ಹುಡುಗಿಗೆ ಶಾಂತಮ್ಮ ಎಂದು ಹೆಸರು! ಇನ್ನು ನನ್ನ ಹೆಸರು ಎವುಲಾಲಿಯಾ, ಅಂದರೆ ಸವಿಮಾತಿನವಳು. ಕಿಲಿ ಲಾಲಾ ಎಂದು ಕರೆಯುತ್ತಿದ್ದಳು. ನಮ್ಮ ಕೆಳಗಿನ ಮನೆಯಲ್ಲಿದ್ದ ಒಡತಿ ದೋನ್ಯಾ ಗ್ಲಾಫಿರಾ, "ಮೇಲೆ ಒಬ್ಬಳು ಶಾಂತಮ್ಮ, ಒಬ್ಬಳು ಸವಿಮಾತಿನವಳು. ಎರಡು ಹೆಸರೂ ದಂಡ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

ನಾನು ಓದುತ್ತಿದ್ದುದು ಸಾಹಿತ್ಯ. ಅಂದರೆ ಗೋಡೆಗೆ ಒರಗಿಕೊಂಡು ಪುಸ್ತಕ ಹಿಡಿದಿರುವುದು, ಮಧ್ಯೆ ಮಧ್ಯೆ ತಲೆನೋವೆಂದು ನರಳುವುದು. ಕಿಲಿ ಓದುತ್ತಿದ್ದುದು ಸಂಗೀತ ಸಂಯೋಜನೆ. ಜನ ಏನೆಂದುಕೊಂಡಿದ್ದಾರೆ? ಸಂಯೋಜಕಿ ಎಂದರೆ ಕಿಟಕಿ ಬಳಿ ಕೂತು, ಆಕಾಶ ನೋಡಿ, ಗಲ್ಲಕ್ಕೆ ಪೆನ್ಸಿಲು ಒತ್ತಿಕೊಂಡಿರುತ್ತಾಳೆ ಎಂದು. ನಮ್ಮ ಮನೆಯಲ್ಲಿ ಕಿಟಕಿ ಬಳಿ ಕೂತಿರುತ್ತಿದ್ದುದು ನಾನು. ಅವಳಿಗೆ ಕೂರಲು ಪುರುಸೊತ್ತೆಲ್ಲಿ? ಏಳಕ್ಕೆ ಕಾಲೇಜು. ಎರಡಕ್ಕೆ ಮುಗಿದರೆ ಮೂರಕ್ಕೆ ಒಂದು ಶಾಲೆಯ ಮಕ್ಕಳಿಗೆ ಸ್ವರಪಾಠ. ಐದಕ್ಕೆ ಗ್ರಂಥಾಲಯದಲ್ಲಿ ಹರಿದ ಸಂಗೀತದ ಹಾಳೆಗಳಿಗೆ ಅಂಟು ಹಚ್ಚುವ ಕೆಲಸ. ಶುಕ್ರವಾರ ಶನಿವಾರ ಮದುವೆ ಮೆರವಣಿಗೆಗಳಲ್ಲಿ ಕ್ಲಾರಿನೆಟ್. ಭಾನುವಾರ ಬಸ್ಸು ಹತ್ತಿ ಬೆಟ್ಟದ ಮೇಲಿನ ಅವಳ ಊರು ಸಾನ್ ಪಾಂತಾಲೆಯೋನ್‌ಗೆ. ಆ ಊರಲ್ಲಿ ಪ್ರತಿಯೊಬ್ಬರೂ ವರ್ಷಕ್ಕೆ ಇಷ್ಟು ದಿನವೆಂದು ಊರಕೆಲಸ ಮಾಡಿಕೊಡಬೇಕು. ಉಳಿದವರು ರಸ್ತೆ ಅಗೆದು, ಪೈಪು ಹೂತು ಆ ದಿನಗಳನ್ನು ತೀರಿಸಿದರೆ, ಬ್ಯಾಂಡಿನವರು ನುಡಿಸಿ ತೀರಿಸುತ್ತಾರೆ. ಕಿಲಿ ಎರಡೂ ಮಾಡುತ್ತಿದ್ದಳು. "ಅಗೆಯೋವಾಗ ಒಳ್ಳೆ ತಾಳ ಸಿಗುತ್ತೆ" ಎಂಬುದು ಅವಳ ವಾದ. ನಾನು "ಸ್ವಲ್ಪ ತಾಳು" ಎಂದರೂ ಅವಳಿಗೆ ತಾಳವೆಂದೇ ಕೇಳಿಸುತ್ತಿತ್ತು.

ಹಾಗಾದರೆ ಬರೆಯುತ್ತಿದ್ದುದು ಯಾವಾಗ? ಬಸ್ಸಿನಲ್ಲಿ, ಮತ್ತು ರೊಟ್ಟಿ ಅಂಗಡಿಯ ಸಾಲಿನಲ್ಲಿ. ಮೆಕ್ಕೆಜೋಳದ ರೊಟ್ಟಿಯನ್ನು ಅಂಗಡಿಯವಳು ಕಾಗದದಲ್ಲಿ ಸುತ್ತಿಕೊಡುತ್ತಿದ್ದಳು. ಕಿಲಿ ಆ ಕಾಗದವನ್ನು ಮೊದಲೇ ಇಸಿದುಕೊಂಡು ಅದರ ಮೇಲೆ ಐದು ಗೆರೆ ಎಳೆದು ಬರೆಯುತ್ತ ನಿಲ್ಲುತ್ತಿದ್ದಳು. ಸಾಲು ಉದ್ದವಿದ್ದ ದಿನ ಸಂಗೀತ ಜಾಸ್ತಿ, ಸಾಲು ಕಡಿಮೆಯಿದ್ದ ದಿನ ರೊಟ್ಟಿ ಬಿಸಿ. ಇನ್ನು ಬಸ್ಸು! ಅವಳ ಊರಿನ ದಾರಿಯಲ್ಲಿ ನೂರಾರು ತಿರುವು. ಎಡತಿರುವಿನಲ್ಲಿ ಬರೆದ ಸ್ವರಗಳು ಬಲಕ್ಕೆ ವಾಲಿರುತ್ತಿದ್ದವು, ಬಲತಿರುವಿನಲ್ಲಿ ಬರೆದವು ಎಡಕ್ಕೆ. ಒಮ್ಮೆ ಅವಳ ಸಂಯೋಜನೆಯ ಮೇಷ್ಟ್ರು ಹಾಳೆ ನೋಡಿ ಕೇಳಿದರಂತೆ:

"ಎಲ್ಲ ಕೆಳಗೆ ಇಳೀತಾ ಇರೋವಾಗ ಈ ಒಂದು ಸ್ವರ ಮಾತ್ರ ಯಾಕಮ್ಮ ಇಷ್ಟೆತ್ತರಕ್ಕೆ ಹಾರಿದೆ?"

"ಅಲ್ಲಿ ಬಸ್ಸಿಗೆ ಕತ್ತೆ ಅಡ್ಡ ಬಂತು ಸರ್."

ಮೇಷ್ಟ್ರು ಅದನ್ನು ಪಿಯಾನೊದ ಮೇಲೆ ಎರಡು ಸಲ ನುಡಿಸಿ ನೋಡಿ, "ಇರಲಿ, ತೆಗೀಬೇಡ. ಕತ್ತೆಗೆ ನಿನಗಿಂತ ಧೈರ್ಯ ಇದೆ" ಎಂದರಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಕತ್ತೆಸ್ವರ ಎಂದೇ ಹೆಸರು.

ಇಷ್ಟೆಲ್ಲ ಮುಗಿಸಿ ಕಿಲಿ ಸಂಜೆ ಏಳೂವರೆಗೆ ಮೆಟ್ಟಿಲು ಹತ್ತುತ್ತಿದ್ದಳು. ಮೂರನೆಯ ಮೆಟ್ಟಿಲು ಕಿರುಗುಟ್ಟಿತೋ ಇಲ್ಲವೋ, ನಾನು ಪುಸ್ತಕದಿಂದ ತಲೆ ಎತ್ತದೆ ಕೂಗುತ್ತಿದ್ದೆ: "ಉಂಡ್ಯೇನೇ?" ಅವಳು ಕೆಳಗಿನಿಂದಲೇ "ಹೂಂ ಹೂಂ" ಎನ್ನುತ್ತಿದ್ದಳು. ಅದು ಶುದ್ಧ ಸುಳ್ಳು. ಮೇಲೆ ಬಂದವಳೇ ಪಾತ್ರೆಯ ಮುಚ್ಚಳ ತೆಗೆದು ಕಪ್ಪು ಬೀನ್ಸಿನ ಸಾರನ್ನು ನಿಂತುಕೊಂಡೇ ಕುಡಿಯುತ್ತಿದ್ದಳು. ಆಮೇಲೆ ಆ ಮುಚ್ಚಳವನ್ನು ಕೆಳಗಿಡದೆ ಸೌಟಿನಿಂದ ಬಾರಿಸಿ ನೋಡುತ್ತಿದ್ದಳು.

"ಅಯ್ಯೋ, ಸತ್ತೆನೇ!" ಎನ್ನುತ್ತಿದ್ದೆ ನಾನು, ಹಣೆ ಹಿಡಿದುಕೊಂಡು.

ಈ ಮಾತು ನನಗೆ ಅಭ್ಯಾಸ. ನೀರು ತಣ್ಣಗಿದ್ದರೆ ಸತ್ತೆನೇ, ಮೆಣಸಿನಕಾಯಿ ಖಾರವಾದರೆ ಸತ್ತೆನೇ, ಪರೀಕ್ಷೆಯ ತಾರೀಕು ಬಂದರೆ ಸತ್ತೆನೇ. ಕೆಳಗಿನಿಂದ ದೋನ್ಯಾ ಗ್ಲಾಫಿರಾ ಪೊರಕೆಯ ಹಿಡಿಯಿಂದ ಸೂರಿಗೆ ಬಡಿಯುತ್ತಿದ್ದರು: ಧಬ್, ಧಬ್... ಧಬ್! ಕಿಲಿ ಕಿವಿ ನಿಮಿರಿಸಿ, "ನೋಡ್ದ್ಯಾ, ಮೂರನೇದನ್ನ ಸ್ವಲ್ಪ ತಡವಾಗಿ ಹೊಡೀತಾರೆ. ಎಂಥ ಕೈ!" ಎನ್ನುತ್ತಿದ್ದಳು. ನಾನು ದೂರು ಕೇಳುತ್ತಿದ್ದ ಕಡೆ ಅವಳು ಸಂಗೀತ ಕೇಳುತ್ತಿದ್ದಳು. ಇಂಥವಳ ಜೊತೆ ಜಗಳವಾಡಿ ಗೆಲ್ಲುವುದು ಹೇಗೆ?

ಮೂರನೆಯ ವರ್ಷದ ಕೊನೆಯ ಪರೀಕ್ಷೆಗೆ ಮೇಷ್ಟ್ರು ಕೊಟ್ಟ ವಿಷಯ ಇದು: ನಿಮಗೆ ಚೆನ್ನಾಗಿ ಗೊತ್ತಿರುವ, ಬದುಕಿರುವ ಒಬ್ಬರನ್ನು ಆರಿಸಿಕೊಂಡು ಅವರ ಶವಯಾತ್ರೆಗೆ ನಡಿಗೆಯ ಸಂಗೀತ ಬರೆಯಿರಿ. ಕಿಲಿಯ ಊರಿನಲ್ಲಿ ಇದು ಹೊಸತೇನಲ್ಲ. ಅಲ್ಲಿ ದೊಡ್ಡ ಮನುಷ್ಯರಿಗೆ ಅವರದೇ ಹೆಸರಿನ ಇಂಥ ನಡಿಗೆಯನ್ನು ಮೊದಲೇ ಬರೆದು, ಬ್ಯಾಂಡಿನ ಕಪಾಟಿನಲ್ಲಿ ಇಟ್ಟಿರುತ್ತಾರೆ. ಯಾರ ಹೆಸರಿದೆಯೋ ಅದು ಅವರ ಸ್ವಂತ ಆಸ್ತಿ. ಬೇರೆಯವರಿಗೆ ನುಡಿಸುವಂತಿಲ್ಲ. ಮುದುಕರು ಆಗಾಗ ಬಂದು, "ನನ್ನ ಹಾಳೆಗೆ ಗೆದ್ದಲು ಹತ್ತಿಲ್ಲ ತಾನೇ?" ಎಂದು ವಿಚಾರಿಸಿಕೊಂಡು ಹೋಗುತ್ತಾರಂತೆ.

"ಯಾರನ್ನ ಆರಿಸ್ಕೊಂಡೆ?" ಎಂದು ಕೇಳಿದೆ.

"ನಿನ್ನ."

"ನನ್ನನ್ನಾ? ನಾನೇನು ಮಾಡಿದ್ದೆ ನಿನಗೆ?"

"ದಿನಕ್ಕೆ ಹನ್ನೊಂದು ಸಲ ಸಾಯ್ತೀಯ. ನಿನಗಿಂತ ಅನುಭವ ಇರೋರು ಯಾರು ಸಿಗ್ತಾರೆ ಹೇಳು?"

ಹೀಗೆ ನನ್ನ ಅಂತ್ಯಕ್ರಿಯೆ ಆರಂಭವಾಯಿತು. ಮೊದಲ ಭಾಗ ಒಂದೇ ವಾರದಲ್ಲಿ ಆಯಿತು. ಅದರ ಮುಖ್ಯ ಎಳೆ ಯಾವುದೆಂದು ಬೇರೆ ಹೇಳಬೇಕೇ? ಸ-ತ್ತೆ-ನೇ. ಮೆಟ್ಟಿಲಿನಂತೆ ಕೆಳಗಿಳಿಯುವ ಮೂರು ಸ್ವರ. ಪ್ರತಿ ಬೆಳಿಗ್ಗೆ ಒಲೆಯ ಪಕ್ಕ ನಿಂತು ಕ್ಲಾರಿನೆಟ್‌ನಲ್ಲಿ ನುಡಿಸುವಳು. ನಾನು ಎದ್ದು, ತಣ್ಣೀರು ಮುಟ್ಟಿ, "ಸತ್ತೆನೇ" ಎಂದರೆ ಸಾಕು, "ನೋಡು ನೋಡು, ಕೊನೇ ಸ್ವರ ನಾನು ಬರೆದದ್ದಕ್ಕಿಂತ ಇನ್ನೂ ಕೆಳಗಿದೆ" ಎಂದು ತಿದ್ದಿಕೊಳ್ಳುವಳು. ನಾನು ಬಾಯಿ ಮುಚ್ಚಿಕೊಂಡಿರಲು ಪ್ರಯತ್ನಿಸಿದೆ. ಆ ಮೌನವನ್ನೂ ಎಣಿಸಿ ಬರೆದುಕೊಂಡಳು.

ತೊಡಕು ಬಂದದ್ದು ನಡುಭಾಗದಲ್ಲಿ. ಇಂಥ ಸಂಗೀತಕ್ಕೆ ಒಂದು ಕಟ್ಟಳೆಯಿದೆ: ಮೊದಲು ದುಃಖ, ಕೊನೆಗೂ ದುಃಖ, ಆದರೆ ನಡುವೆ ಒಂದಿಷ್ಟು ಹೊತ್ತು ಸಿಹಿ. ಹೋದವರಲ್ಲಿ ಏನು ಹಿತವಾಗಿತ್ತೋ ಅದನ್ನು ನಡೆಯುವವರಿಗೆ ನೆನಪು ಮಾಡಿಕೊಡುವ ಜಾಗ ಅದು. ಕಿಲಿ ಎರಡು ವಾರ ಅದರ ಹಿಂದೆ ಬಿದ್ದಳು. ರೊಟ್ಟಿ ಸಾಲಿನಲ್ಲಿ ಬರೆದಳು, ಹೊಡೆದು ಹಾಕಿದಳು. ಬಸ್ಸಿನಲ್ಲಿ ಬರೆದಳು, ಹೊಡೆದು ಹಾಕಿದಳು. ಕೊನೆಗೊಂದು ಸಂಜೆ ನನ್ನ ಮುಂದೆ ಕೂತು ನನ್ನನ್ನೇ ದಿಟ್ಟಿಸಿದಳು, ಮಾರುಕಟ್ಟೆಯಲ್ಲಿ ಹಣ್ಣು ಒತ್ತಿ ನೋಡುವವರ ಹಾಗೆ.

"ಏನೇ ಅದು?"

"ನಿನ್ನಲ್ಲಿ ಸಿಹಿ ಭಾಗ ಸಿಗ್ತಿಲ್ಲ ಕಣೇ ಲಾಲಾ."

"ಏನಂದೆ?"

"ಇಲ್ಲ ಅಂತ ಹೇಳ್ತಿಲ್ಲ. ಸಿಗ್ತಿಲ್ಲ ಅಂದೆ. ಎಲ್ಲೋ ಇಟ್ಟು ಮರೆತಿರ್ತೀಯ."

ಓದುಗರೇ, ಮೂರು ವರ್ಷ ಒಂದೇ ಪಾತ್ರೆಯಲ್ಲಿ ಉಂಡ ಗೆಳತಿ, ಸೂಜಿಯ ಮೊನೆಯಷ್ಟು ಸಣ್ಣ ಶಬ್ದವನ್ನೂ ಬಿಡದೆ ಹಿಡಿಯುವ ಕಿವಿಯವಳು, ನನ್ನಲ್ಲಿ ಹುಡುಕಿ ಹುಡುಕಿ ಸಿಹಿ ಕಾಣದೆ ಕೈಚೆಲ್ಲಿದರೆ ಹೇಗಿರಬೇಡ? ಅದು ನನ್ನ ಜೀವನ್ಮರಣದ ಪ್ರಶ್ನೆಯಾಯಿತು. (ಮರಣದ್ದೇ ಹೆಚ್ಚು.) ನನ್ನಲ್ಲಿ ಹಿತವಾದದ್ದು ಏನಾದರೂ ಇದೆಯೋ ಇಲ್ಲವೋ, ಇದ್ದರೆ ಅದು ಯಾವುದು? ಪರೀಕ್ಷೆಗೆ ಇನ್ನು ಹತ್ತು ದಿನ. ನನಗೊಂದು ದಿವ್ಯ ಉಪಾಯ ಹೊಳೆಯಿತು. ಸಿಹಿ ಸಿಗದಿದ್ದರೆ ಏನಂತೆ, ತಯಾರಿಸಿದರಾಯಿತು!

ಸೋಮವಾರ ಸಂಜೆ ಮೂರನೆಯ ಮೆಟ್ಟಿಲು ಕಿರುಗುಟ್ಟಿದ ಕೂಡಲೇ ಬಾಗಿಲಿಗೆ ಹೋಗಿ, ಜೇನು ಬೆರೆಸಿದ ದನಿಯಲ್ಲಿ, "ಬಾರೇ ಚಿನ್ನ, ಬಳಲಿದೆಯಾ? ಕೂತ್ಕೋ ಬಾ" ಎಂದೆ.

ಕಿಲಿ ಅಲ್ಲೇ ಗೋಡೆ ಹಿಡಿದು ನಿಂತುಬಿಟ್ಟಳು. "ಯಾರು ಹೋದ್ರೇ? ಅಮ್ಮಾನಾ?"

"ಯಾರೂ ಹೋಗಿಲ್ಲ. ಸುಮ್ಮನೆ ಪ್ರೀತಿಯಿಂದ ಮಾತಾಡಿದೆ."

"ಹೆದರಿಸಬೇಡ್ವೇ, ಎದೆ ಹೊಡ್ಕೋತಿದೆ ನೋಡು."

ಮಂಗಳವಾರ ಅವಳ ಬ್ಯಾಂಡಿನ ಅಂಗಿಗೆ ಇಸ್ತ್ರಿ ಹಾಕಿದೆ. ಎದೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಗುರುತೊಂದು ಮೂಡಿತು. "ಪದಕದ ಥರ ಇದೆ, ಇರಲಿ" ಎಂದು ಆ ವಾರದ ಮದುವೆಗೆ ಅದನ್ನೇ ಹಾಕಿಕೊಂಡು ಹೋದಳು. ಬುಧವಾರ ಪಾತ್ರೆ ತೊಳೆಯುತ್ತ ಅವಳಿಗೆ ಕೇಳುವ ಹಾಗೆ ಹಾಡಿದೆ. ದೋನ್ಯಾ ಗ್ಲಾಫಿರಾ ಪೊರಕೆ ಬಡಿಯಲಿಲ್ಲ. ಸ್ವತಃ ಹದಿನೇಳು ಮೆಟ್ಟಿಲು ಹತ್ತಿ ಬಂದು, "ಯಾರಿಗಮ್ಮ ಹೊಟ್ಟೆನೋವು? ಕಷಾಯ ಮಾಡ್ಕೊಡ್ಲಾ?" ಎಂದು ವಿಚಾರಿಸಿದರು.

ಗುರುವಾರ ನನ್ನ ಮಾಧುರ್ಯದ ಪರಾಕಾಷ್ಠೆ. ಅಡುಗೆಮನೆಯನ್ನು ಗುಡಿಸಿ ಒರೆಸಿ, ಕೊಕೊ ಬೀಜ ಹುರಿದು, ದಾಲ್ಚಿನ್ನಿ ಹಾಕಿ ಕಲ್ಲಿನಲ್ಲಿ ಅರೆದು, ನನ್ನ ಅಜ್ಜಿ ಮಾಡುತ್ತಿದ್ದಂಥ ಬಿಸಿ ಚಾಕೊಲೇಟು ಮಾಡಲು ನಿಂತೆ. ಗ್ಯಾಸು ಮುಗಿದಿತ್ತು. ಬಿಡುತ್ತೇನೆಯೇ? ಇದ್ದಿಲ ಒಲೆಯನ್ನು ಹೊರಗೆಳೆದೆ. ರೊಟ್ಟಿ ಬುಟ್ಟಿಯ ಕೆಳಗೆ ಒಂದು ಕಟ್ಟು ಹಳೆಯ ಕಾಗದ ಬಿದ್ದಿತ್ತು. ಎಣ್ಣೆ ಜಿಡ್ಡಿನ, ಸುಕ್ಕುಗಟ್ಟಿದ, ಇರುವೆ ಹರಿದಂತೆ ಏನೇನೋ ಗೀಚಿದ್ದ ಕಾಗದ. ಚೆನ್ನಾಗಿ ಹತ್ತಿಕೊಂಡಿತು.

ಏಳೂವರೆಗೆ ಕಿಲಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಬಂದಳು.

"ಸಿಕ್ತು ಕಣೇ ಲಾಲಾ! ನಿನ್ನ ಸಿಹಿ ಭಾಗ! ನಿನ್ನೆ ಸಾಲಿನಲ್ಲಿ ನಿಂತಾಗ ಪೂರ್ತಿ ಬಂತು. ಈಗ ಕೂತು ಹಾಳೆಗೆ ಇಳಿಸಿಬಿಡ್ತೀನಿ. ಬುಟ್ಟಿ ಕೆಳಗೆ ಇಟ್ಟಿದ್ದೆ..."

ಬುಟ್ಟಿ ಎತ್ತಿದಳು. ಬುಟ್ಟಿಯ ಕೆಳಗೆ ಫಳಫಳ ಹೊಳೆಯುವ ನೆಲವಿತ್ತು. ಅವಳು ನೆಲ ನೋಡಿದಳು, ಒಲೆ ನೋಡಿದಳು, ನನ್ನ ಮುಖ ನೋಡಿದಳು. ನಾನು ಎರಡೂ ಕೈಯಲ್ಲಿ ಚಾಕೊಲೇಟಿನ ಬಟ್ಟಲು ಹಿಡಿದು ನಿಂತಿದ್ದೆ. ಆ ಕ್ಷಣದಲ್ಲಿ "ಸತ್ತೆನೇ" ಎನ್ನಲೂ ಬಾಯಿ ಬರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಆ ಬಟ್ಟಲು ನನ್ನ ತಲೆಯ ಮೇಲೆ ಇರುತ್ತಿತ್ತು. ಕಿಲಿ ಅದನ್ನು ಇಸಿದುಕೊಂಡು ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು.

"ಚೆನ್ನಾಗಿದೆ. ಸ್ವಲ್ಪ ಸಂಗೀತದ ಹೊಗೆ ವಾಸನೆ ಇದೆ, ಅಷ್ಟೆ."

"ನೆನಪು ಮಾಡ್ಕೊಂಡು ಬರಿಯೇ, ನಿನ್ನ ಕಾಲು ಹಿಡೀತೀನಿ. ನಿನಗೆ ಎಲ್ಲ ನೆನಪಿರುತ್ತಲ್ಲ!"

"ನೆನಪಿದೆ. ಆದರೆ ಬೇಡ ಬಿಡು. ಅದು ಈ ವಾರದ ಲಾಲಾ. ಬಾರೇ ಚಿನ್ನ ಅನ್ನೋಳು, ಇಸ್ತ್ರಿ ಹಾಕೋಳು. ಬರೀವಾಗಲೇ ಯಾರಿದು ಅನ್ನಿಸ್ತಿತ್ತು. ಒಳ್ಳೆ ಬೆಂಕಿಗೇ ಹಾಕಿದೀಯ." ಇನ್ನೊಂದು ಗುಟುಕು ಕುಡಿದು ಸೇರಿಸಿದಳು: "ನಾಳೆಯಿಂದ ಮೊದಲಿನ ಹಾಗೇ ಇರ್ತೀಯಾ ದಯವಿಟ್ಟು? ನಾಲ್ಕು ದಿನದಿಂದ ನನಗೆ ಶ್ರುತಿನೇ ಸಿಗ್ತಿಲ್ಲ."

ಮರುದಿನ ನನಗೆ ನಾಚಿಕೆ, ಸಿಟ್ಟು ಎರಡೂ. ಸಿಹಿ ಮಾಡಲು ಹೋಗಿ ಇದ್ದ ಸಿಹಿಯನ್ನೂ ಸುಟ್ಟ ಹೆಂಗಸು ನಾನೊಬ್ಬಳೇ ಇರಬೇಕು. ಕಿಟಕಿ ಬಳಿ ಹೋಗಿ ಪುಸ್ತಕ ಹಿಡಿದು ಕೂತೆ. ಸಂಜೆ ಮೂರನೆಯ ಮೆಟ್ಟಿಲು ಕಿರುಗುಟ್ಟಿತು. ತಲೆ ಎತ್ತದೆ, ಕತ್ತೆಯ ದನಿಯಲ್ಲಿ, "ಉಂಡ್ಯೇನೇ?" ಎಂದೆ.

"ಹೂಂ ಹೂಂ" ಎಂದಳು. ಆಮೇಲೆ ಹೆಜ್ಜೆಯ ಸದ್ದು ನಿಂತಿತು.

ಬಹಳ ಹೊತ್ತು ಅವಳು ಮೇಲೆ ಬರಲಿಲ್ಲ. ಬಗ್ಗಿ ನೋಡಿದರೆ ಐದನೆಯ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಚೀಲವಿಟ್ಟುಕೊಂಡು, ನನಗೆ ಬೆನ್ನು ಹಾಕಿದ್ದಳು. ಸುಟ್ಟ ಕಾಗದಕ್ಕಾಗಿ ಮುನಿಸಿಕೊಂಡಿದ್ದಾಳೆ ಎಂದುಕೊಂಡೆ. ಹತ್ತು ನಿಮಿಷ ಬಿಟ್ಟು, "ಸಾರು ತಣ್ಣಗಾಗ್ತಿದೆ, ಕೋಪ ಆಮೇಲೆ ಮಾಡ್ಕೋ" ಎಂದು ಕೂಗಿದೆ. ಅವಳು "ಶ್‌" ಎಂದಳು. ಮೂರು ವರ್ಷದಲ್ಲಿ ಶಾಂತಮ್ಮ ನನಗೆ ಸುಮ್ಮನಿರು ಎಂದದ್ದು ಅದೊಂದೇ ಸಲ.

ನಡುಭಾಗ ಮುಗಿಯಿತೆಂದು ಗೊತ್ತಾದದ್ದು ಅವಳು ಹಾಳೆಗಳನ್ನು ಒಯ್ದು ಕೊಟ್ಟ ಮೇಲೆ. ಅದನ್ನು ಅಡುಗೆಮನೆಯಲ್ಲಿ ಅವಳು ಒಂದು ಸಲವೂ ನುಡಿಸಲಿಲ್ಲ. ಪರೀಕ್ಷೆಯಲ್ಲಿ ಇಡೀ ತರಗತಿಗೆ ಮೊದಲಿಗಳಾಗಿ ಬಂದಳು.

"ಮೇಷ್ಟ್ರು ಏನಂದ್ರು?"

"ನಡುಭಾಗ ಬಂದಾಗ ಕನ್ನಡಕ ತೆಗೆದ್ರು."

"ಯಾಕೆ?"

"ಒರೆಸೋಕೆ."

"ಧೂಳಾ?"

"ಹೂಂ ಹೂಂ."

"ಅದರಲ್ಲಿ ಏನಿದೆ ಹೇಳೇ. ನನ್ನಲ್ಲಿ ಏನು ಸಿಕ್ತು ನಿನಗೆ?"

"ಹಾಳೆ ಊರಿಗೆ ಹೋಯ್ತು, ಬ್ಯಾಂಡಿನ ಕಪಾಟಿಗೆ. ನೀನು ಸತ್ತಾಗ ಕೇಳ್ತೀಯ."

"ಸತ್ತ ಮೇಲೆ ಹೇಗೆ ಕೇಳಲಿ?"

"ನಿನ್ನ ಕಿವಿ ನನಗೆ ಗೊತ್ತು. ಬದುಕಿದ್ದಾಗ ಕೇಳಿಸ್ಕೊಳ್ಳೋದಕ್ಕಿಂತ ಕಡಿಮೆ ಏನೂ ಕೇಳಲ್ಲ."

ಸಂಗೀತ ಓದಲು ನನಗೆ ಬರುವುದಿಲ್ಲ. ಬೇಡಿದೆ, ಬೈದೆ, ಬೀನ್ಸಿನ ಸಾರಿಗೆ ಉಪ್ಪು ಹಾಕದೆ ಬೆದರಿಸಿದೆ. ಅವಳು ಬಾಯಿ ಬಿಡಲಿಲ್ಲ. ನಾನೂ ಅವಸರವಿಲ್ಲವೆಂದುಕೊಂಡೆ. ನಮಗೆ ಇಪ್ಪತ್ತನಾಲ್ಕು ವರ್ಷ. ಯಾವತ್ತೋ ಒಂದು ದಿನ, ಮುದುಕಿಯರಾದ ಮೇಲೆ, ಮರೆತು ಗುನುಗಿಬಿಡುತ್ತಾಳೆ ಎಂದುಕೊಂಡೆ.

ಆಗಸ್ಟ್‌ನಲ್ಲಿ ಅವಳಿಗೆ ಜ್ವರ ಬಂತು. ಒಟ್ಟು ಹತ್ತು ದಿನ. ಅದರ ಬಗ್ಗೆ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ. ಏಳನೆಯ ದಿನ ಆಸ್ಪತ್ರೆಯಲ್ಲಿ, ತಲೆಯ ಮೇಲೆ ತೂಗುಹಾಕಿದ್ದ ಬಾಟಲಿಯಿಂದ ಹನಿ ಬೀಳುವುದನ್ನು ನೋಡುತ್ತ, "ಲಾಲಾ, ಇದು ತಾಳ ತಪ್ತಿದೆ. ನರ್ಸಮ್ಮನಿಗೆ ಹೇಳು" ಎಂದಳು. ನಾನು ಹೇಳಿದೆ. ಅವರು ಬಂದು ನೋಡಿದರೆ ನಳಿಕೆ ನಿಜವಾಗಿ ಮಡಚಿಕೊಂಡಿತ್ತು.

ಹತ್ತನೆಯ ದಿನ ಅವಳನ್ನು ಪೆಟ್ಟಿಗೆಯಲ್ಲಿ ಊರಿಗೆ ಕರೆದೊಯ್ದೆವು. ಮರುದಿನ ಬೆಳಿಗ್ಗೆ ಅವಳ ಮನೆಯ ಅಡುಗೆಮನೆಯಲ್ಲಿ ಹೆಂಗಸರ ಜೊತೆ ಕೂತು ನಾನು ಬಂದವರಿಗೆ ಕೊಡುವ ಕಡುಬಿಗೆ ಜೋಳದ ಎಲೆ ಬಿಡಿಸುತ್ತಿದ್ದೆ. ಟೋಪಿಯನ್ನು ಎದೆಗೆ ಹಿಡಿದುಕೊಂಡ ಒಬ್ಬ ಮುದುಕರು ಬಾಗಿಲಿಗೆ ಬಂದರು. ಅಬುಂದಿಯೊ ಮೇಷ್ಟ್ರು, ಊರ ಬ್ಯಾಂಡಿನ ಯಜಮಾನರು. ಕಿಲಿಗೆ ಐದನೆಯ ವಯಸ್ಸಿನಲ್ಲಿ ಸ್ವರ ಕಲಿಸಿದವರು.

"ಎವುಲಾಲಿಯಾ ಅಂದ್ರೆ ನೀವೇನಮ್ಮ?"

"ಹೌದು ಮೇಷ್ಟ್ರೇ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬದುಕಿದೀರಿ."

"ಹೌದು. ಕ್ಷಮಿಸಿ."

"ಛೆ, ಛೆ, ತೊಂದರೆಯಿಲ್ಲ." ಅವರು ಟೋಪಿಯ ಅಂಚನ್ನು ತಿರುಗಿಸುತ್ತ ನಿಂತರು. "ನಮ್ಮಲ್ಲೊಂದು ರೂಢಿ. ಸಂಗೀತ ಬರೆದವರನ್ನ ಅವರ ಸಂಗೀತದಲ್ಲೇ ಕಳಿಸಿಕೊಡ್ತೀವಿ. ಈ ಹುಡುಗಿ ನಮಗೆ ಆರು ಬರೆದುಕೊಟ್ಟಿದ್ದಾಳೆ. ಐದು ಕುಣಿಯೋದು. ಇಂಥ ದಿನಕ್ಕೆ ಅಂತ ಇರೋದು ಒಂದೇ. ಅದರ ಮೇಲೆ ನಿಮ್ಮ ಹೆಸರಿದೆ. ನಿಮ್ಮದನ್ನ ನೀವಾಗಿ ಕೊಟ್ಟರೆ ಇವತ್ತಿಗೆ ಎರವಲು ತಗೊಳ್ತೀವಿ."

"ತಗೊಳ್ಳಿ ಮೇಷ್ಟ್ರೇ."

"ಯೋಚನೆ ಮಾಡಿ ಹೇಳಿ. ಸಣ್ಣ ವಿಷಯ ಅಲ್ಲ."

"ನನಗೆ ಸದ್ಯಕ್ಕೆ ಬೇಕಾಗಿಲ್ಲ" ಎಂದೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಜೋಳದ ಎಲೆಯಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ.

ಮನೆಯಿಂದ ಸ್ಮಶಾನಕ್ಕೆ ಇಳಿಜಾರಿನ ದಾರಿ. ಮುಂದೆ ಪೆಟ್ಟಿಗೆ, ಹಿಂದೆ ನಲವತ್ತು ಜನರ ಬ್ಯಾಂಡು, ಅದರ ಹಿಂದೆ ಊರು. ನುಡಿಸುವ ಮೊದಲು ಹೆಸರು ಕೂಗಿ ಹೇಳಬೇಕೆಂಬುದು ಅಲ್ಲಿಯ ನಿಯಮ. ಅಬುಂದಿಯೊ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಬೆಟ್ಟಕ್ಕೆಲ್ಲ ಕೇಳುವ ಹಾಗೆ, "ಎವುಲಾಲಿಯಾಳ ಕೊನೆಯ ನಡಿಗೆ!" ಎಂದರು.

ಆಚೆ ಹಟ್ಟಿಯಿಂದ ಬಂದಿದ್ದ, ಕಿವಿ ಮಂದವಾದ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಪಾಪ, ಎವುಲಾಲಿಯಾ. ಎಳೇ ವಯಸ್ಸಂತೆ. ನಿನಗೆ ಹತ್ತಿರದವಳಾ ಮಗಳೇ?"

"ಬಹಳ ಹತ್ತಿರ ಅಜ್ಜಿ."

"ಒಳ್ಳೆಯವಳಿದ್ದಳಾ?"

"ಅದನ್ನೇ ಕೇಳೋಕೆ ಬಂದಿದೀನಿ."

ಬ್ಯಾಂಡು ಶುರುವಾಯಿತು. ಮೂವತ್ತೇಳು ಸಲ ಒಂಟಿ ಕ್ಲಾರಿನೆಟ್‌ನಲ್ಲಿ ಕೇಳಿದ್ದೆ. ನಲವತ್ತು ಜನ ಒಟ್ಟಿಗೆ ಉಸಿರು ತುಂಬಿಕೊಂಡು ನುಡಿಸಿದಾಗ ನನ್ನ ಕಾಲ ಕೆಳಗಿನ ನೆಲ ಅದುರಿತು. ಸ-ತ್ತೆ-ನೇ, ಎಂದವು ಟ್ರೊಂಬೋನುಗಳು. ಧಬ್, ಧಬ್... ಧಬ್, ಎಂದಿತು ದೊಡ್ಡ ನಗಾರಿ. ಮೂರನೆಯದು ಸ್ವಲ್ಪ ತಡವಾಗಿ. ನಗರದಿಂದ ನಮ್ಮ ಜೊತೆ ಬಂದಿದ್ದ ದೋನ್ಯಾ ಗ್ಲಾಫಿರಾ ಥಟ್ಟನೆ ತಲೆ ಎತ್ತಿ, "ಇದು ನಂದು" ಎಂದು ಪಿಸುಗುಟ್ಟಿ ಕಣ್ಣೊರೆಸಿಕೊಂಡರು. ತಣ್ಣೀರಿಗೂ ಮೆಣಸಿನಕಾಯಿಗೂ ನಾನು ಗೊಣಗಿದ ಗೊಣಗಾಟಕ್ಕೆ ಇಷ್ಟು ಘನತೆಯಿದೆಯೆಂದು ನನಗೇ ಗೊತ್ತಿರಲಿಲ್ಲ. ನಾನು ಹಣೆ ಹಿಡಿದುಕೊಂಡು ಕೂತಿದ್ದ ಸಂಜೆಗಳಲ್ಲಿ ಅವಳು ಸೌಟು ಕೈಯಲ್ಲಿ ಹಿಡಿದು ಇದನ್ನೆಲ್ಲ ಕೇಳುತ್ತಿದ್ದಳು. ಏಳು ಕೆಲಸಗಳ ನಡುವೆ, ರೊಟ್ಟಿ ಕಾಗದದ ಮೇಲೆ. ಕತ್ತೆಸ್ವರವೂ ಬಂತು. ಇಳಿಜಾರಿನ ತಿರುವಿನಲ್ಲಿ, ಎಲ್ಲ ಕೆಳಗಿಳಿಯುತ್ತಿರುವಾಗ, ಒಂದು ತುತ್ತೂರಿ ಮಾತ್ರ ಆಕಾಶಕ್ಕೆ ಹಾರಿತು. ನನಗೆ ನಗು ಬಂತು. ಕರವಸ್ತ್ರ ಕಚ್ಚಿಕೊಂಡೆ.

ಆಮೇಲೆ ನಡುಭಾಗ.

ಚಾಕೊಲೇಟು ಇರುತ್ತದೆಂದು ಕಾದೆ. ನಾನು ಗಟ್ಟಿಯಾಗಿ ಓದಿ ಹೇಳುತ್ತಿದ್ದ ಕವಿತೆ ಇರಬಹುದೆಂದು ಕಾದೆ. ಅದ್ಯಾವುದೂ ಇರಲಿಲ್ಲ. ಅದೇ ಮೂರು ಸ್ವರ. ಸತ್ತೆನೇ ಎಂದು ಕೆಳಗಿಳಿದಿದ್ದ ಆ ಮೂರೇ ಸ್ವರ ಈಗ ಹಿಂದುಮುಂದಾಗಿ, ಮೆಲ್ಲಗೆ, ಮೆಟ್ಟಿಲು ಹತ್ತುವಂತೆ ಮೇಲೇರಿದವು. ಒಂದು ಕ್ಲಾರಿನೆಟ್ ಕೇಳಿತು: ಉಂ-ಡ್ಯೇ-ನೇ? ಇನ್ನೊಂದು ಕೆಳಗಿನಿಂದ ಉತ್ತರಿಸಿತು: ಹೂಂ ಹೂಂ.

ನನ್ನ ಕಾಲುಗಳು ನಿಂತುಬಿಟ್ಟವು. ಅಜ್ಜಿ ನನ್ನ ತೋಳು ಹಿಡಿದು ನಡೆಸಿದರು.

ಮತ್ತೊಮ್ಮೆ ಅದು ಕೇಳಿತು. ಮತ್ತೊಮ್ಮೆ ಇದು ಹೂಂ ಹೂಂ ಎಂದಿತು, ಅದೇ ಸುಳ್ಳು ದನಿಯಲ್ಲಿ. ಆಮೇಲೆ ಮೌನ. ನಲವತ್ತು ವಾದ್ಯಗಳು ಒಮ್ಮೆಲೇ ನಿಂತವು. ಪೆಟ್ಟಿಗೆ ಹೊತ್ತವರು ನಿಂತರು. ಗಾಳಿಯೊಂದೇ ಉಳಿಯಿತು. ನಾನು ತಲೆ ತಗ್ಗಿಸಿಕೊಂಡಿದ್ದೆ, ಏನನ್ನೂ ನೋಡುತ್ತಿರಲಿಲ್ಲ. ಮೂರು ವರ್ಷದ ಅಭ್ಯಾಸ, ಬಾಯಿ ತಾನಾಗಿ ತೆರೆಯಿತು.

"ಉಂಡ್ಯೇನೇ?"

ಪಿಸುಮಾತಲ್ಲ. ಹದಿನೇಳು ಮೆಟ್ಟಿಲಿನ ಕೆಳಗೆ ಕೇಳಬೇಕಾದಷ್ಟು ಜೋರಾಗಿ. ಇಡೀ ಊರು ತಿರುಗಿ ನೋಡಿತು.

ಆಗ ಎರಡನೆಯ ಕ್ಲಾರಿನೆಟ್, ಯಾವ ಆತುರವೂ ಇಲ್ಲದೆ, ಉತ್ತರಿಸಿತು. ಹೂಂ ಹೂಂ.

ಎಲ್ಲ ಮುಗಿದ ಮೇಲೆ ಅಬುಂದಿಯೊ ಮೇಷ್ಟ್ರು ಹಾಳೆಗಳ ಕಟ್ಟನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಹತ್ತಿರ ಬಂದರು. ಮುಖ ಗಂಭೀರವಾಗಿತ್ತು. ಕಟ್ಟು ಬಿಚ್ಚಿ ಒಂದು ಪುಟ ತೆಗೆದು ಬೆರಳಿಟ್ಟು ತೋರಿಸಿದರು. ಸ್ವರಗಳು ನನಗೆ ಓದಲು ಬರುವುದಿಲ್ಲ. ಆದರೆ ಅಲ್ಲಿ ಸ್ವರಗಳಿರಲಿಲ್ಲ. ಖಾಲಿ ಗೆರೆಗಳ ಮೇಲೆ ಕಿಲಿಯ ಪೆನ್ಸಿಲಿನ ಅಕ್ಷರಗಳಿದ್ದವು: "ನಾಲ್ಕು ಎಣಿಕೆ. ಇಲ್ಲಿ ಲಾಲಾ ಕೇಳುವುದಿಲ್ಲ. ಆದರೂ ನಾನು ಉತ್ತರ ಕೊಡುತ್ತೇನೆ."

ಹಾಳೆಯನ್ನು ಕೈಗೆ ತೆಗೆದುಕೊಂಡು ಆ ಅಕ್ಷರಗಳ ಮೇಲೆ ಬೆರಳಾಡಿಸಿದೆ. ಆಮೇಲೆ ಮೇಷ್ಟ್ರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಅಂಚು ಸರಿಮಾಡಿ, ಕಟ್ಟಿನೊಳಗೆ ಸೇರಿಸಿದರು.

"ಇದು ನಿಮ್ಮದು. ಕಪಾಟಿನಲ್ಲಿ ಭದ್ರವಾಗಿ ಇಡ್ತೀನಿ" ಎಂದರು. "ಆದರೆ ಒಂದು ಮಾತು ಹೇಳಲೇಬೇಕು. ಸುಮ್ಮನಿರಬೇಕಾದ ಜಾಗದಲ್ಲಿ ನೀವು ಬಾಯಿ ಹಾಕಿದ್ರಿ."

"ತಪ್ಪಾಯ್ತು ಮೇಷ್ಟ್ರೇ."

"ಇರಲಿ ಬಿಡಿ ಮಗಳೇ" ಎಂದು ಅವರು ಟೋಪಿ ಹಾಕಿಕೊಂಡರು. "ಮುಂದಿನ ಸಲ ನುಡಿಸುವಾಗ ಖಂಡಿತ ಸುಮ್ಮನಿರ್ತೀರಿ."